ಧವನಿಲ್ಲದ ಪದ

“ವಿಧವೆ! ಅಪ್ಪಾ, ವಿಧವೆ!” ಎಂದು ಕೂಗುತ್ತಲೇ ಕಮಲ ಗುಬ್ಬಿ ಊರಿನ ತವರುಮನೆಯ ಹೊಸಿಲು ದಾಟಿದಳು.

ಪದ್ಮಮ್ಮ ಒಳಗಿನಿಂದ ಓಡಿಬಂದು ಮಗಳ ಬಾಯಿ ಮುಚ್ಚಿದರು. ಕಮಲಳ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. “ಬೀದಿಗೆಲ್ಲಾ ಕೇಳ್ಸತ್ತೆ ಕಣೇ!”

ಕಮಲ ಅಮ್ಮನ ಕೈ ಸರಿಸಿ ನಕ್ಕಳು. ಆಗ, ೧೯೬೧ರಲ್ಲಿ, ಅವಳು ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಓದುತ್ತಿದ್ದಳು; ರಜಕ್ಕೂ ಕಾಯದೆ ರೈಲು ಹತ್ತಿ ಬಂದಿದ್ದಳು. ನೇರ ಹೋಗಿ ಅಪ್ಪನ ಎದುರು ಕೂತಳು. ಅನಂತರಾಮಯ್ಯ ಹೈಸ್ಕೂಲಿನ ಸಂಸ್ಕೃತ ಪಂಡಿತರು. ಋಗ್ವೇದ ಪೂರ್ತಿ ಬಾಯಿಗೆ ಬರುತ್ತಿತ್ತು.

“ನಿನ್ನೆ ಕ್ಲಾಸಲ್ಲಿ ಕೇಳ್ದೆ ಅಪ್ಪಾ. ರಷ್ಯದವರು, ಪೋಲೆಂಡಿನವರು, ಈ ಸ್ಲಾವ್ ಜನಕ್ಕೆಲ್ಲ ಹಿಂದೆ ಒಂದೇ ಭಾಷೆ ಇತ್ತಂತೆ. ಬರವಣಿಗೆ ಒಂದೂ ಉಳಿದಿಲ್ಲ. ಮೊಮ್ಮಕ್ಕಳ ಮುಖ ನೋಡಿ ಅಜ್ಜಿ ಮುಖ ಊಹಿಸೋ ಹಾಗೆ ಅದರ ಪದಗಳನ್ನ ಕಟ್ಟಿದಾರೆ. ಅದರಲ್ಲೂ ಇದೆ, ‘ವಿದೊವಾ’! ನಮ್ಮದರ ಹಾಗೇ ಆಕಾರಾಂತ ಸ್ತ್ರೀಲಿಂಗ. ದ್ವಿತೀಯಾ ವಿಭಕ್ತೀಲಿ ನಮ್ಮದು ವಿಧವಾಂ, ಅವರದಕ್ಕೂ ಕೊನೇಲಿ ಮೂಗಿನ ಸ್ವರ!”

“ಹಾಗಾದ್ರೆ ಅರ್ಥಾನೂ ಅದೇ,” ಎಂದರು ಅನಂತರಾಮಯ್ಯ. “ವಿ ಅಂದ್ರೆ ಹೋದ, ಧವ ಅಂದ್ರೆ ಗಂಡ. ಗಂಡ ಹೋದವಳು.”

“ಅಲ್ಲೇ ಇರೋದು! ಅವರ ಹತ್ರ ‘ಧವ’ ಇಲ್ಲವೇ ಇಲ್ಲ. ಲ್ಯಾಟಿನ್ನಲ್ಲೂ ವಿಧವೆಗೆ ‘ವಿದುಅ’ ಇದೆ, ‘ಧವ’ ಇಲ್ಲ. ವಿಧವೆ ಒಂದು ಇಡೀ ಪದ ಅಪ್ಪಾ. ಬೇರೆಯಾದವಳು, ಒಂಟಿಯಾಗಿ ನಿಂತವಳು, ಅಷ್ಟೇ. ನಮ್ಮೋರು ಆಮೇಲೆ ತಪ್ಪಾಗಿ ಒಡೆದು, ಅದರೊಳಗಿಂದ ಗಂಡನ್ನ ಹುಟ್ಟಿಸಿದ್ರು! ಗಂಡ ಅನ್ನೋ ಅರ್ಥದಲ್ಲಿ ‘ಧವ’ ಋಗ್ವೇದದಲ್ಲಿ ಎಲ್ಲಿದೆ, ತೋರ್ಸಿ ನೋಡೋಣ.”

ಅನಂತರಾಮಯ್ಯ ಕಣ್ಣು ಮುಚ್ಚಿದರು. ತುಟಿ ಅಲುಗತೊಡಗಿತು. ಮನಸ್ಸಿನಲ್ಲೇ ಋಗ್ವೇದದ ಮಂಡಲದಿಂದ ಮಂಡಲಕ್ಕೆ ಹುಡುಕಿಕೊಂಡು ಹೊರಟಿದ್ದರು. ಕಮಲ ಅವರ ಮುಖವನ್ನೇ ನೋಡುತ್ತಿದ್ದಳು. ಬೈಯಬೇಕೆಂದಿದ್ದ ಪದ್ಮಮ್ಮನೂ ಬಾಗಿಲಲ್ಲೇ ನಿಂತುಬಿಟ್ಟರು.

ಬಹಳ ಹೊತ್ತಿನ ಮೇಲೆ ಅನಂತರಾಮಯ್ಯ ಕಣ್ಣು ತೆರೆದರು.

“ವಿಧವೆ ಸಿಕ್ಕಿದಳು,” ಎಂದರು. “ಧವ ಸಿಗಲಿಲ್ಲ.”

ಮರುಕ್ಷಣವೇ ಗೂಟದಲ್ಲಿದ್ದ ಶಲ್ಯ ಎಳೆದುಕೊಂಡರು. “ಏಳು, ಏಳು! ತುಮಕೂರಿನ ಗಾಡಿ ಸಿಗತ್ತೆ. ಯೋಗನರಸಿಂಹ ಶಾಸ್ತ್ರಿಗಳ ಮನೇಲಿ ಇವತ್ತು ಪಂಡಿತರೆಲ್ಲ ಸೇರ್ತಾರೆ. ನಾನಲ್ಲ, ನೀನೇ ಹೇಳ್ಬೇಕು.”

ಅವರ ಮಾತು ಮುಗಿಯುವ ಮೊದಲೇ ಕಮಲ ಬೀದಿಗಿಳಿದಿದ್ದಳು. ಪದ್ಮಮ್ಮ ಗಂಡನ ಶಲ್ಯ ಹಿಡಿದು ಜಗ್ಗಿದರು. “ಸಭೆಗೆ ಹೊರಟಿದೀರಿ. ಅವಳನ್ನ ಎದುರಿಗೆ ಇಟ್ಕೊಂಡು ಹೋದ್ರೆ ಶಕುನ ಏನಾಗತ್ತೆ? ನೀವು ಮುಂದೆ ಹೋಗಿ.”

“ಆಗಲ್ಲ ಕಣೇ,” ಅನಂತರಾಮಯ್ಯ ಆತುರದಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದರು. “ಅವಳಷ್ಟು ಬೇಗ ನಡೆಯೋಕೆ ನನ್ನ ಕೈಲಿ ಆಗಲ್ಲ.”