ಮೀಟರ್ ಹಲಗೆಯ ಬಾಗಿಲು

ಬಡಗಿ ಕಲ್ಲಪ್ಪ ಮೆಲ್ಲಗೆ ತಳ್ಳಿದ. ವಿಮಾನದ ಸೀಟಿನ ಮುಂದಿನ, ಗಡಿಯಾರದಂಥ ಮುಳ್ಳುಗಳ ಮೀಟರ್ ಹಲಗೆ ಎರಡು ಬೆರಳಷ್ಟು ಮುಂದಕ್ಕೆ ಹೋಗಿ, ಹಿಂದಿದ್ದ ಪೆಟ್ರೋಲ್ ಟ್ಯಾಂಕಿಗೆ ಠಣ್ಣನೆ ಬಡಿದು ನಿಂತುಬಿಟ್ಟಿತು. ಇನ್ನೊಂದು ಸಲ ತಳ್ಳಿದ. ಇನ್ನೊಂದು ಸಲ ಠಣ್.

"ಇದೇನಯ್ಯಾ ಕಲ್ಲಪ್ಪ, ಸೀಟಿನ ಕಡೆಗೆ ತೆಗೀಬೇಕು ಅಂತ ತಾನೆ ನಾನು ಹೇಳಿದ್ದು?" ಎಂದ ಷಡಕ್ಷರಿ. "ಆ ಕಡೆಗೆ ಕೀಲು ಕೂರಿಸಿದ್ದೀಯಲ್ಲ."

"ಬಾಗಿಲು ಮಾಡು ಅಂದ್ರಿ, ಮಾಡಿದೀನಿ. ಬಾಗಿಲು ಅಂದ್ಮೇಲೆ ಒಳಕ್ಕೆ ತೆಗೀಬೇಕು ಸ್ವಾಮಿ. ಅಮೃತಾಪುರದಿಂದ ಚೌಳಹಿರಿಯೂರಿನ ಗಂಟ ನಾನು ಕೂರಿಸಿರೋ ಬಾಗಿಲೆಲ್ಲ ಹೋಗಿ ನೋಡ್ಕೊಂಡು ಬನ್ನಿ. ಹೊರಕ್ಕೆ ತೆಗೆಯೋದು ಕಕ್ಕಸಿನ ಬಾಗಿಲು ಒಂದೇ. ಲಕ್ಷ್ಮಿನ ಆಚೆಗೆ ನೂಕೋ ಬಾಗಿಲು ಈ ಕೈಯಲ್ಲಿ ಆಗಾಕಿಲ್ಲ."

ಷಡಕ್ಷರಿ ಏರ್‌ಫೋರ್ಸಿನಲ್ಲಿ ಮೆಕ್ಯಾನಿಕ್ಕಾಗಿದ್ದು ರಿಟೈರಾಗಿ ಅಜ್ಜಂಪುರಕ್ಕೆ ಬಂದವನು, ದನ ಮೇಯುವ ಕಾವಲಿನ ಅಂಚಿನ ತಗಡಿನ ಶೆಡ್ಡಿನಲ್ಲಿ ಆರು ವರ್ಷ ಕೂತು ಮರ, ಬಟ್ಟೆ, ತಂತಿ ಜೋಡಿಸಿ ಎರಡು ಸೀಟಿನ ವಿಮಾನ ಕಟ್ಟಿದ್ದ. ಎಪ್ಪತ್ತೊಂಬತ್ತರ ಯುಗಾದಿಯ ಹೊತ್ತಿಗೆ ಹಾರಿಸುವುದಕ್ಕೆ ಕಾಗದವೂ ಬಂತು. ನಾಲ್ಕು ಸಲ ಹಾರಿಸಿಯೂ ಆಯಿತು. ಆದರೆ ಪಕ್ಕದ ಸೀಟಿನಲ್ಲಿ ಭಾರಕ್ಕೆಂದು ಇದುವರೆಗೆ ಕೂತದ್ದು ಒಂದು ರಾಗಿ ಮೂಟೆ. ಅಲ್ಲಿ ಹೆಂಡತಿ ವಿಶಾಲಾಕ್ಷಮ್ಮ ಕೂರಬೇಕು ಎನ್ನುವುದೊಂದೇ ಅವನ ಆಸೆ.

ಅವಳದೂ ಒಂದೇ ಷರತ್ತು. "ಮುಂದಿನ ಬಾಗಿಲಿಗೆ ಯಾರು ಬೇಕಾದ್ರೂ ರಂಗೋಲಿ ಬಿಡ್ತಾರೆ ಕಣ್ರೀ, ಹಿತ್ತಲು ನೋಡಿದ್ರೇ ಮನೆ ಹೆಂಗೈತೆ ಅಂತ ಗೊತ್ತಾಗೋದು. ಆ ಗಡಿಯಾರಗಳ ಹಿಂದೆ ಏನಿದೆ ಅಂತ ನನಗೆ ಕಾಣ್ಬೇಕು. ಈ ಭಾನುವಾರ ತೋರಿಸಿದ್ರೆ ಹತ್ತುತೀನಿ. ಇಲ್ಲಾಂದ್ರೆ ಇನ್ನು ಆ ಮಾತೇ ಎತ್ತಬೇಡಿ." ಹಲಗೆಯ ಹಿಂದಿನದು ಕಾಣಬೇಕಾದರೆ ಅದುವರೆಗೆ ಸೀಟಿನಲ್ಲಿ ಅಂಗಾತ ಮಲಗಿ, ಕಾಲು ಮೇಲೆ ಮಾಡಿ, ಹಲಗೆಯಡಿಗೆ ತಲೆ ತೂರಿಸಬೇಕಿತ್ತು. ಐವತ್ತು ಸಮೀಪಿಸಿದ ಹೆಂಗಸು ಸೀರೆ ಉಟ್ಟುಕೊಂಡು ಹಾಗೆ ಮಾಡುವುದುಂಟೆ? ಅದಕ್ಕೇ ಹಲಗೆಗೆ ಕೀಲು ಹಾಕಿ ಬಾಗಿಲು ಮಾಡುವ ಉಪಾಯ ಹೂಡಿದ್ದ. ಈಗ ನೋಡಿದರೆ ಭಾನುವಾರ ಬಂದಿದೆ, ಅವಳು ಬುತ್ತಿ ಹಿಡಿದು ದಾರಿಯಲ್ಲಿದ್ದಾಳೆ, ಬಾಗಿಲು ಠಣ್ ಎನ್ನುತ್ತಿದೆ.

"ತಿರುಗಿಸಿ ಹಾಕು ಮಾರಾಯ, ಅರ್ಧ ಗಂಟೆ ಕೆಲಸ," ಎಂದು ಅವನು ಗೋಗರೆದ. ಕಲ್ಲಪ್ಪ ಜಪ್ಪಯ್ಯ ಎನ್ನಲಿಲ್ಲ. ಬೀಡಿ ತೆಗೆದ, ಟ್ಯಾಂಕಿನ ಕಡೆ ನೋಡಿದ, ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡ.

ಅಷ್ಟರಲ್ಲಿ ವಿಶಾಲಾಕ್ಷಮ್ಮ ಬಂದೇಬಿಟ್ಟಳು. ಕಲ್ಲಪ್ಪನೇ, ಹೆಂಗಸರು ಲಕ್ಷ್ಮಿಯ ಪರವಾಗಿಯೇ ಮಾತಾಡುತ್ತಾರೆಂಬ ಧೈರ್ಯದಲ್ಲಿ, ನಡೆದದ್ದನ್ನೆಲ್ಲ ಅವಳಿಗೆ ಒಪ್ಪಿಸಿದ. 'ಬಾಗಿಲು ತೆಗೀಲಿಲ್ಲ ತಾನೆ' ಎಂದು ಹಿಂದಿರುಗಿದ್ದರೆ ಹಾರುವುದು ತಪ್ಪಿ ಅವಳು ಗೆದ್ದಂತೆಯೇ ಆಗುತ್ತಿತ್ತು. ಆದರೆ ತಪ್ಪು ಕಂಡ ಮೇಲೆ ಸುಮ್ಮನಿರುವ ಜಾಯಮಾನವಲ್ಲ ಅವಳದು. ಬುತ್ತಿ ಕೆಳಗಿಟ್ಟು ಒಳಗೆ ಇಣುಕಿದಳು.

"ಕಲ್ಲಪ್ಪ, ಹಲಗೆಯಿಂದ ಈಚೆಗೆ ಏನಿದೆ?"

"ಯಜಮಾನ್ರ ಸೀಟು. ಪಕ್ಕದಾಗೆ ರಾಗಿ ಮೂಟೆ."

"ಆಚೆಗೆ?"

"ಟ್ಯಾಂಕು, ಇಂಜಿನ್ನು, ಫ್ಯಾನು. ಆಮೇಲೆ ಬರೀ ಗಾಳಿ."

"ಜನ ಕೂತು ರಾಗಿ ಇಟ್ಟಿರೋದು ಮನೆಯೋ, ಗಾಳಿ ಹೊಗೆ ಇರೋದು ಮನೆಯೋ?"

ಕಲ್ಲಪ್ಪ ಸೀಟನ್ನೊಮ್ಮೆ, ಟ್ಯಾಂಕನ್ನೊಮ್ಮೆ ನೋಡಿದ. "ಹಂಗಾರೆ ಒಳಕ್ಕೆ ಅಂದ್ರೆ..."

"ಸೀಟಿನ ಕಡೆಗೆ. ಲಕ್ಷ್ಮಿನ ಇಂಜಿನ್ನಿಗೆ ನೂಕಿ, ಕಕ್ಕಸಿನ ಬಾಗಿಲು ಇಟ್ಟಿರೋನು ನೀನೇ ಕಣಯ್ಯಾ."

ಕಲ್ಲಪ್ಪ ಕೆನ್ನೆ ಕೆನ್ನೆ ಬಡಿದುಕೊಂಡು ಕೀಲು ಬಿಚ್ಚಿದ. ಅರ್ಧ ಗಂಟೆ ಎಂದದ್ದು ಒಂದು ಗಂಟೆ ಹಿಡಿಯಿತು. ಕೊನೆಗೆ ಚಿಲಕ ಎಳೆದರೆ ಹಲಗೆ ಸುಮ್ಮನೆ ಸೀಟಿನ ಕಡೆಗೆ ಬಂತು. ಹಿಂದೆ ಕೆಂಪು, ಹಳದಿ, ಹಸಿರು ತಂತಿಗಳು; ನೂಲು ಸುತ್ತಿ ಕಟ್ಟಿದ ಕಂತೆಗಳು; ಪ್ರತಿಯೊಂದಕ್ಕೂ ಷಡಕ್ಷರಿಯ ದುಂಡು ಅಕ್ಷರದ ಚೀಟಿ. ಅವಳು ತಿಜೋರಿಯೊಳಗೆ ನೋಡುವ ಹಾಗೆ ಬಹಳ ಹೊತ್ತು ನೋಡಿದಳು.

"ಮನೇಲಿ ಉಟ್ಟ ಪಂಚೆ ಮಡಚಿಡೋಕೆ ಬರಲ್ಲ," ಎಂದಳು.

ಅವಳು ಹಲಗೆ ಮುಚ್ಚಿದಳು, ಚಿಲಕ ಹಾಕಿದಳು, ಸರಿಯಾಗಿ ಬಿತ್ತೇ ಎಂದು ಜಗ್ಗಿಯೂ ನೋಡಿದಳು. ಮನೆ ಯಾವುದು, ಬೀದಿ ಯಾವುದು ಎಂದು ತಾನೇ ತೀರ್ಪು ಕೊಟ್ಟಾದ ಮೇಲೆ ಅವಳ ಬಳಿ ನೆಪವೇನೂ ಉಳಿದಿರಲಿಲ್ಲ.

"ಆ ಮೂಟೆ ಇಳಿಸ್ರೀ," ಎಂದಳು.

ಷಡಕ್ಷರಿಗೆ ಸಂತೋಷದಲ್ಲಿ ಸೊಂಟದ ನೋವೂ ಮರೆತುಹೋಯಿತು. ಮೂಟೆಯನ್ನು ಒಬ್ಬನೇ ಎತ್ತಿ ಇಳಿಸಿದ. ಮೂವರೂ ಸೇರಿ ವಿಮಾನವನ್ನು ಕಾವಲಿಗೆ ತಳ್ಳಿದರು. ವಿಶಾಲಾಕ್ಷಮ್ಮ ರೆಕ್ಕೆಯ ಪಕ್ಕ ನಿಂತು ಸೆರಗು ಸಿಕ್ಕಿಸಿ, ಬಲಗಾಲು ಮುಂದಿಟ್ಟು ಹತ್ತಿದಳು. ಹಿಂದೆಯೇ ಹತ್ತಲು ಹೊರಟ ಗಂಡನನ್ನು ತಡೆದಳು.

"ಬೂಟು ಹಾಕ್ಕೊಂಡು ಒಳಗೆ ಬರ್ತೀರಾ?"

ಷಡಕ್ಷರಿ ಬಗ್ಗಿ ಲೇಸು ಬಿಚ್ಚಿದ.

ಇಂಜಿನ್ನು ಗುಡುಗಿತು. ಮೇಯುತ್ತಿದ್ದ ದನಗಳು ಕೊಂಬೆತ್ತಿ ನೋಡಿದವು. ವಿಮಾನ ಕುಣಿಯುತ್ತ ಓಡಿ, ಹುಲ್ಲು ಬಿಟ್ಟು, ಬೇಲಿ ದಾಟಿ, ಸಣ್ಣದಾಗುತ್ತ ಹೋಯಿತು. ಕಲ್ಲಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. ಅವನ ಮುಂದೆ ಬಯಲಿನಲ್ಲಿ ಒಂದು ಜೊತೆ ಬೂಟು, ಒಂದು ಜೊತೆ ಹೆಂಗಸರ ಚಪ್ಪಲಿ ಅಕ್ಕಪಕ್ಕದಲ್ಲಿದ್ದವು.