ಏಳನೇ ನಂಬರಿನ ಜರ್ಸಿ

ಸೌದಿಯ ಜಿಜಾನ್‌ನ ಕ್ಯಾಂಪ್ ಆಫೀಸಿನಲ್ಲಿ ಮುಷ್ಕರದ ಪತ್ರದ ಪಕ್ಕ ಕಂಪನಿಯ ಫುಟ್‌ಬಾಲ್ ತಂಡದ ಫೋಟೊ ಇಟ್ಟ ಮ್ಯಾನೇಜರ್ ಡೆಸ್ಮಂಡ್. ತಂಡದ ಆಟಗಾರ ಕಾಯೆತಾನ್ ಮೇಜಿನ ಮುಂದೆ ನಿಂತಿದ್ದ. ಹೆಸರು ಬರೆದರೆ ಸಿಕ್ಕಿಬೀಳುತ್ತೇವೆಂದು ಆಟಗಾರರು ಪತ್ರದಲ್ಲಿ ಜರ್ಸಿ ನಂಬರಷ್ಟೇ ಬರೆದಿದ್ದರು. ಮೊದಲನೆಯದು ಏಳು.

"ಶುರು ಮಾಡಿದವನಿಗೆ ಜೈಲು. ಫೋಟೊದಲ್ಲಿ ಈ ಏಳು ನೀನೇ ಅಲ್ವಾ ಮಾರಾಯ?"

ಮುಷ್ಕರದಿಂದ ಆ ವರ್ಷದ ಸೀಸನ್ ಮೂರೇ ಪಂದ್ಯಕ್ಕೆ ನಿಂತಿತ್ತು. ಹೆದರಿ ನಂಬರು ಬರೆಯದೆ ಉಳಿದವನು ಕಾಯೆತಾನ್ ಒಬ್ಬನೇ. ಏಳು ಅವನ ಜೊತೆ ಆಡುವ ನೋಣಯನ ನಂಬರು. ಫೋಟೊ ತೆಗೆದ ದಿನ ತನ್ನ ಜರ್ಸಿ ಹರಿದಿದ್ದರಿಂದ, ಡ್ಯೂಟಿಗೆ ಹೋಗಿದ್ದ ನೋಣಯನದ್ದನ್ನು ಕಾಯೆತಾನ್ ತೊಟ್ಟಿದ್ದ.

ಬಾಗಿಲಾಚೆ ಬೆಂಚಿನಲ್ಲಿ ನೋಣಯ ತನ್ನ ಸರದಿಗೆ ಕಾಯುತ್ತಿದ್ದ. ಅವನ ಕೆಮ್ಮು ಕೇಳಿಸಿತು.

ಕಾಯೆತಾನ್ ಕಿಸೆಯಿಂದ ತನ್ನ ವಾಸದ ಪರವಾನಗಿ ಕಾರ್ಡು ಇಕಾಮಾ ತೆಗೆದು ಫೋಟೊದ ಮೇಲಿಟ್ಟ.

"ಹೌದು ಸರ್, ನಾನೇ."