ಒಂದು ಇಂಚು ಕಮ್ಮಿ

"ಕಿವಿ ತಾಗ್ತಾ ಇದೆ ಯಜಮಾನ್ರೆ. ಈ ಪೆಟ್ಟಿಗೇಲಿ ನಾಯೀನ ವಿಮಾನಕ್ಕೆ ಹತ್ತಿಸೋಕಾಗಲ್ಲ," ಎಂದ ವಿಮಾನ ನಿಲ್ದಾಣದ ಸರಕು ಕೌಂಟರಿನವನು.

ಬಡಗಿ ಬಗ್ಗಿ ನೋಡಿದ. ಪೆಟ್ಟಿಗೆಯೊಳಗೆ ಗುಂಡ ಎದ್ದು ನಿಂತಿದ್ದ. ಎರಡೂ ಕಿವಿ ಮೇಲಿನ ಹಲಗೆಗೆ ಒತ್ತಿ ಮಡಚಿಕೊಂಡಿದ್ದವು.

"ಸ್ವಲ್ಪ ತಾನೆ ಸಾರ್?" ಎಂದ ಬಡಗಿ, ಬಾಯಿಮಾತಿಗೆ.

"ಸ್ವಲ್ಪಾನಾ? ಎಂಟು ಸಾವಿರ ಕಿಲೋಮೀಟರು, ಹತ್ತು ಗಂಟೆ ಹಾರಾಟ. ಅಷ್ಟು ಹೊತ್ತು ನೀವಾದ್ರೆ ತಲೆ ತಗ್ಗಿಸಿ ಕೂರ್ತೀರಾ? ಒಂದು ಇಂಚು ಎತ್ತರ ಮಾಡಿಸ್ಕೊಂಡು ಬನ್ನಿ. ಯಾವ ಬಡಗಿ ಮಾಡಿದ್ದು ಇದನ್ನ?"

"ಯಾರೋ ಹೊಸಬ," ಎಂದು ಅವನು ಪೆಟ್ಟಿಗೆ ಎತ್ತಿಕೊಂಡ. ಹೊರಗೆ ಬಂದಾಗ ಮುಖದಲ್ಲಿ ಸಣ್ಣ ಗೆಲುವಿತ್ತು.

ಅವನ ಅಳತೆ ಕೂದಲೆಳೆಯಷ್ಟೂ ತಪ್ಪಿದ್ದಿಲ್ಲ. ಆ ಒಂದು ಇಂಚನ್ನು ಬೇಕೆಂದೇ ಕೊಯ್ದಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಎರಡು ವರ್ಷವಾದರೂ ಮಲಗಿರಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಹೆಂಡತಿಗೆ ದೂರದ ದೇಶದಲ್ಲಿ ದೊಡ್ಡ ಕೆಲಸ ಸಿಕ್ಕಿತು. ನೀವೂ ಬನ್ನಿ ಅಂದಳು. ಉಳಿ ಗರಗಸ ಬಿಟ್ಟು ಎಲ್ಲಿಗೂ ಬರಲ್ಲ ಎಂದು ಇವನು ಮೊಂಡು ಹಿಡಿದ. ಅವಳು ಹೋದಳು, ಮತ್ತೆ ಕರೆಯಲಿಲ್ಲ. ವಾರಕ್ಕೊಮ್ಮೆ ಫೋನು ಮಾಡಿ, "ಗುಂಡ ಹೇಗಿದ್ದಾನೆ?" ಎಂದು ಕೇಳುವಳು. ಹೋದ ತಿಂಗಳು, "ಗುಂಡನ್ನಾದ್ರೂ ಕಳಿಸಿ," ಅಂದಳು. ಆ ಮಾತು ಉಗುರಿನೊಳಗೆ ಹೊಕ್ಕ ಸಿಬಿರಿನಂತೆ ಅವನನ್ನು ಚುಚ್ಚುತ್ತಲೇ ಇತ್ತು. ನಾಯಿಯೂ ಹೋದರೆ ಅವಳಿಗೆ ಫೋನು ಮಾಡಲು ನೆಪವಾದರೂ ಏನಿರುತ್ತದೆ?

ಸಂಜೆ ಗುಂಡ ಎಂದಿನಂತೆ ಮರದ ಹೊಟ್ಟಿನ ಮೇಲೆ ಮೈಚಾಚಿದ್ದಾಗ ಅವಳ ಫೋನು ಬಂತು. ಬಡಗಿ ನಡೆದದ್ದು ಹೇಳಿದ.

"ಕಣ್ಣು ಕಟ್ಟಿ ಬಿಟ್ರೂ ಬಾಗಿಲು ಸರಿಯಾಗಿ ಕೂರಿಸೋರು ನೀವು. ಒಂದು ಇಂಚು ಹೇಗ್ರೀ ಕಮ್ಮಿ ಆಗುತ್ತೆ?"

"ವಯಸ್ಸಾಯ್ತಲ್ಲ. ಕಣ್ಣು ಮಂಜು."

ಅವಳು ಜನರ ಒಳಗಿನದನ್ನು ನೋಡಿ ನೋಡಿ ಪಳಗಿದವಳು. ಬಡಗಿ ಗುಂಡನ ಬೆನ್ನಿಗಂಟಿದ ಹೊಟ್ಟು ಕೊಡವಿದ.

"ಹೊಸ ಪೆಟ್ಟಿಗೆ ಮಾಡ್ತೀರಲ್ಲ?" ಎಂದು ಕೇಳಿದಳು.

"ಮಾಡ್ತೀನಿ."

"ಹಾಗಿದ್ರೆ ಗುಂಡನ ಜೊತೆ ನೀವೂ ಹಿಡಿಸೋ ಹಾಗೆ ಮಾಡಿ."

ಬಡಗಿ ಗೋಡೆಗೆ ನೇತುಹಾಕಿದ್ದ ಗರಗಸ, ಉಳಿಗಳನ್ನು ಒಮ್ಮೆ ನೋಡಿದ. ಕಣ್ಣು ಈಗ ನಿಜಕ್ಕೂ ಮಂಜಾಗಿತ್ತು.

"ಒಂದು ಇಂಚು ಕಮ್ಮಿ ಆದ್ರೂ ಪರವಾಗಿಲ್ಲ ಕಣೆ," ಎಂದ. "ಹತ್ತು ಗಂಟೆ ತಾನೆ, ತಲೆ ತಗ್ಗಿಸ್ಕೊಂಡೇ ಬರ್ತೀನಿ."